ಮುಂಬೈಯಿಂದ ಶಿರಸಿಗೆ ಟರ್ನ್‌ಟೇಬಲ್ ಒಡೆಯದೆ ಬರಬೇಕಾದರೆ

ಪ್ರಶ್ನೆ: ನಾನು ಶಿರಸಿಯವನು. ಆನ್‌ಲೈನ್‌ನಲ್ಲಿ ಮುಂಬೈಯ ಒಬ್ಬರ ಹತ್ತಿರ ಹಳೆಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಮತ್ತು ಒಂದು ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಸಿಕ್ಕಿದೆ. ವ್ಯಾಪಾರ ಕುದುರಿದೆ. ‘ಬಬಲ್ ರ‍್ಯಾಪ್ ಚೆನ್ನಾಗಿ ಸುತ್ತಿ, ಫ್ರಾಜೈಲ್ ಸ್ಟಿಕರ್ ಹಚ್ಚಿ, ಎರಡನ್ನೂ ಒಂದೇ ಡಬ್ಬದಲ್ಲಿ ಕೊರಿಯರ್ ಮಾಡ್ತೀನಿ. ಇನ್ಶೂರೆನ್ಸ್ ಕೂಡ ಮಾಡಿಸ್ತೀನಿ’ ಅಂತ ಅವರು ಹೇಳುತ್ತಿದ್ದಾರೆ. ಅಷ್ಟು ಸಾಕಾ? ಮಳೆಗಾಲ ಬೇರೆ. ಯಾವುದರಲ್ಲಿ ತರಿಸುವುದು ಒಳ್ಳೆಯದು?

ಉತ್ತರ: ಸಾಲದು. ಮೊದಲು ಆ ‘ಒಂದೇ ಡಬ್ಬ’ದ ಮಾತನ್ನು ನಿಲ್ಲಿಸಿ. ಆಂಪ್ಲಿಫೈಯರ್ ಮತ್ತು ಟರ್ನ್‌ಟೇಬಲ್ ಒಂದೇ ಡಬ್ಬದಲ್ಲಿ ಬಂದರೆ ಒಂದು ಇನ್ನೊಂದನ್ನು ಒಡೆಯುತ್ತದೆ. ಎರಡು ಡಬ್ಬ ಬೇಕೇ ಬೇಕು.

ಇಂಥ ಸೆಟ್‌ಗಳನ್ನು ರಿಪೇರಿ ಮಾಡುವುದೇ ನನ್ನ ಕೆಲಸ. ಸಾಗಣೆಯಲ್ಲಿ ಹಾಳಾಗಿ ಬಂದವನ್ನು ಬಿಚ್ಚಿದಾಗಲೆಲ್ಲ ಕಾಣುವುದು ಒಂದೇ: ತಪ್ಪು ಲಾರಿಯಲ್ಲಿ ಆಗಿರುವುದಿಲ್ಲ, ಮಾರಿದವರ ಮನೆಯ ಮೇಜಿನ ಮೇಲೇ ಆಗಿರುತ್ತದೆ. ಡಬ್ಬ ಬೀಳುತ್ತದೆ ಅಂತಲೇ ಇಟ್ಟುಕೊಂಡು ಪ್ಯಾಕ್ ಮಾಡಬೇಕು. ಮಾರುವವರಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅಷ್ಟು ಖರ್ಚು ಮಾಡಲು ಮನಸ್ಸಿರುವುದಿಲ್ಲ. ಹಾಗಾಗಿ ಪ್ಯಾಕಿಂಗ್ ನಿಮ್ಮ ಜವಾಬ್ದಾರಿ. ಖರ್ಚು ನೀವೇ ಕೊಡಿ, ಹೇಗೆ ಮಾಡಬೇಕು ಅಂತ ನೀವೇ ಹೇಳಿ, ಫೋನಿನಲ್ಲಿ ನೋಡುತ್ತಾ ಮಾಡಿಸಿ. ಬೆಲೆಯಲ್ಲಿ ಸಾವಿರ ಎರಡು ಸಾವಿರ ಚೌಕಾಸಿ ಮಾಡುವ ಬದಲು ಅದೇ ಹಣವನ್ನು ‘ಇದು ಪ್ಯಾಕಿಂಗಿಗೆ’ ಅಂತ ಬೇರೆಯಾಗಿ ಕೊಡಿ. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಸ್ಟಿಕರ್ ವಿಷಯ ಬೇಗ ಮುಗಿಸುತ್ತೇನೆ. ಕೊರಿಯರ್‌ನವರು ಡಬ್ಬ ವಿಂಗಡಿಸುವ ದೊಡ್ಡ ಹಬ್‌ಗಳಲ್ಲಿ ಡಬ್ಬಗಳು ಕನ್ವೇಯರ್ ಮೇಲೆ ಓಡುತ್ತವೆ, ಇಳಿಜಾರಿನಲ್ಲಿ ಜಾರಿ ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ಸ್ಟಿಕರ್ ಓದುವವರು ಯಾರೂ ಇಲ್ಲ. ರಾತ್ರಿ ಎರಡು ಗಂಟೆಗೆ ಲಾರಿ ತುಂಬಿಸುವ ಹುಡುಗನಿಗೆ ಡಬ್ಬ ಹಿಡಿಸುವ ಜಾಗ ಕಂಡರೆ ಸಾಕು. ‘ಈ ಬದಿ ಮೇಲೆ’ ಅಂತ ಬಾಣ ಹಾಕಿದ್ದರೂ ಅದು ತಲೆಕೆಳಗಾಗಿಯೇ ಬರುತ್ತದೆ ಅಂದುಕೊಳ್ಳಿ. ಸ್ಟಿಕರ್ ಹಚ್ಚಲಿ, ತೊಂದರೆಯಿಲ್ಲ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಡಬ್ಬ ಎಷ್ಟು ಎತ್ತರದಿಂದ ಬೀಳಬಹುದು? ಪ್ಯಾಕಿಂಗ್ ಉದ್ಯಮದಲ್ಲಿ ಇದಕ್ಕೊಂದು ಅಳತೆ ಇದೆ. ಇಸ್ಟಾ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 1ಎ ಪರೀಕ್ಷೆಯಲ್ಲಿ 10 ಕಿಲೋಗಿಂತ ಕಡಿಮೆ ತೂಕದ ಡಬ್ಬವನ್ನು 76 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. 10ರಿಂದ 19 ಕಿಲೋ ಇದ್ದರೆ 61 ಸೆಂ.ಮೀ. ಅದೂ ಹತ್ತು ಸಲ: ಒಂದು ಮೂಲೆ, ಮೂರು ಅಂಚು, ಆರು ಮುಖ. ನಿಮ್ಮ ಟರ್ನ್‌ಟೇಬಲ್ ಡಬ್ಬ ಈ ಎರಡನೇ ಗುಂಪಿಗೆ ಸೇರುತ್ತದೆ. 61 ಸೆಂ.ಮೀ. ಅಂದರೆ ಕೈಯಲ್ಲಿ ಹಿಡಿದ ಡಬ್ಬ ಮೊಣಕಾಲಿಗಿಂತ ಸ್ವಲ್ಪ ಮೇಲಿನಿಂದ ಜಾರಿದಷ್ಟು. ಯಾರೂ ಎಸೆಯಬೇಕಾಗಿಲ್ಲ.

ಅಷ್ಟರಿಂದ ಬಿದ್ದ ಡಬ್ಬ ನೆಲ ಮುಟ್ಟುವಾಗ ಗಂಟೆಗೆ 12 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದೇ ಪ್ರಶ್ನೆ. ಬಬಲ್ ರ‍್ಯಾಪ್ ಒಂದೆರಡು ಸುತ್ತು ಇದ್ದು, ಭಾರಕ್ಕೆ ಗುಳ್ಳೆಗಳು ಒಡೆದು 3 ಮಿ.ಮೀ.ನಲ್ಲಿ ನಿಂತಿತು ಅನ್ನಿ. ಆಗ ಒಳಗಿನ ಪ್ರತಿ ಭಾಗದ ಮೇಲೂ ಅದರ ತೂಕದ ಸುಮಾರು 200 ಪಟ್ಟು ಬಲ ಬೀಳುತ್ತದೆ. ಈ ಟರ್ನ್‌ಟೇಬಲ್‌ನ ತಟ್ಟೆ, ಅಂದರೆ ಪ್ಲಾಟರ್, ರಬ್ಬರ್ ಮ್ಯಾಟ್ ಸೇರಿ ಸುಮಾರು 2 ಕಿಲೋ ಇದೆ. ಆ ಒಂದು ಕ್ಷಣಕ್ಕೆ ಅದು 400 ಕಿಲೋ ಆಗುತ್ತದೆ. ಅದೇ 5 ಸೆಂ.ಮೀ. ದಪ್ಪದ ಫೋಮ್ ಅರ್ಧದಷ್ಟು ಅಮುಕಿ 2.5 ಸೆಂ.ಮೀ.ನಲ್ಲಿ ನಿಲ್ಲಿಸಿದರೆ 24 ಪಟ್ಟು, ಅಂದರೆ 50 ಕಿಲೋ ಸುತ್ತಮುತ್ತ. ಸೆಟ್ ಅದೇ, ಬಿದ್ದ ಎತ್ತರವೂ ಅದೇ. ವ್ಯತ್ಯಾಸ ಮಾಡಿದ್ದು ಎರಡು ಸೆಂಟಿಮೀಟರ್ ಅಷ್ಟೇ.

50 ಕಿಲೋ ಕೂಡ ಜಾಸ್ತಿಯೇ ಅಲ್ವಾ? ಅದಕ್ಕೇ ಪ್ಲಾಟರ್ ತೆಗೆದಿಡಲೇಬೇಕು.

ಈ ಮಾಡೆಲ್ 1979ರಲ್ಲಿ ಬಂದದ್ದು, ಗಟ್ಟಿ ಯಂತ್ರ. ದಶಕಗಟ್ಟಲೆ ಡಿಜೆಗಳ ಕೈಯಲ್ಲಿ ದುಡಿದಿದೆ. ಇಷ್ಟು ಗಟ್ಟಿ ಇರುವುದಕ್ಕೇ ‘ಏನೂ ಆಗಲ್ಲ’ ಅಂತ ಜನ ಹಾಗೇ ಸುತ್ತಿ ಕಳಿಸುತ್ತಾರೆ. ಒಮ್ಮೆ ನನ್ನ ಬೆಂಚಿಗೆ ಬಂದ ಇಂಥದ್ದೇ ಒಂದರ ಡಬ್ಬದ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಅಕ್ರಿಲಿಕ್ ಮುಚ್ಚಳ ನಾಲ್ಕು ಚೂರು. ಡಬ್ಬ ತಲೆಕೆಳಗಾಗಿ ಬಿದ್ದಾಗ ಪ್ಲಾಟರ್ ಜಾಗ ಬಿಟ್ಟು ಎದ್ದು, ಒಳಗಿನಿಂದಲೇ ಮುಚ್ಚಳವನ್ನು ಗುದ್ದಿ ಒಡೆದಿತ್ತು. ಟೋನ್‌ಆರ್ಮ್, ಅಂದರೆ ಸೂಜಿ ಹಿಡಿಯುವ ಕೈ, ನೋಡಲು ನೆಟ್ಟಗೇ ಇತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಬುಡದಲ್ಲಿ ಟಿಕ್ ಟಿಕ್ ಅಂತ ಆಡುತ್ತಿತ್ತು. ಕೂದಲೆಳೆಯಷ್ಟು ಆಟ. ಆದರೆ ಬೇರಿಂಗ್ ಹೋದ ಆರ್ಮ್ ರೆಕಾರ್ಡಿನ ಗೆರೆಯನ್ನು ಸರಿಯಾಗಿ ಓದುವುದಿಲ್ಲ. ಅಂಥ ಆರ್ಮ್ ಸರಿಮಾಡುವ ಖರ್ಚು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಮಾರುವವರಿಗೆ ಹೀಗೆ ಹೇಳಿ. ಮೊದಲು ಮುಚ್ಚಳ ತೆಗೆಯಲಿ. ಹಿಂದಿನ ಕೀಲಿನಿಂದ ನೇರ ಮೇಲಕ್ಕೆ ಎತ್ತಿದರೆ ಬರುತ್ತದೆ. ಅದು ಬೇರೆಯಾಗಿ, ಸಾಧ್ಯವಾದರೆ ಬೇರೆ ಡಬ್ಬದಲ್ಲೇ ಬರಲಿ. ಆಮೇಲೆ ರಬ್ಬರ್ ಮ್ಯಾಟ್, ಆಮೇಲೆ ಪ್ಲಾಟರ್. ಪ್ಲಾಟರಿನಲ್ಲಿ ಎರಡು ತೂತುಗಳಿವೆ, ಅವುಗಳಲ್ಲಿ ಬೆರಳು ಹಾಕಿ ನೆಟ್ಟಗೆ ಎತ್ತಬೇಕು. ಅದರ ತಳದಲ್ಲಿ ಮೋಟಾರಿನ ಮ್ಯಾಗ್ನೆಟ್ ಇದೆ, ಕಬ್ಬಿಣದ ಪುಡಿ, ಸಣ್ಣ ಸ್ಕ್ರೂ ಇರುವ ಮೇಜಿನ ಮೇಲೆ ಇಡಬಾರದು. ಕೆಳಗೆ ಮಧ್ಯದಲ್ಲಿ ನಿಂತಿರುವ ಕಂಬಿ ಮೋಟಾರಿನ ಜೀವ. ಅದರ ಮೇಲೆ ಏನೂ ಒತ್ತದ ಹಾಗೆ ಸುತ್ತ ಫೋಮ್ ಉಂಗುರ ಕೊಡಬೇಕು.

ಆರ್ಮಿನ ಮುಂದಿನ ತುದಿಯಲ್ಲಿ ಸೂಜಿ ಕೂರಿಸುವ ಹೆಡ್‌ಶೆಲ್ ಒಂದು ಉಂಗುರ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಸೂಜಿ ಅದರಲ್ಲಿದ್ದರೆ ಸೂಜಿಯ ಮುಚ್ಚಳ ಹಾಕಿ, ಸಣ್ಣ ಗಟ್ಟಿ ಡಬ್ಬಿಯಲ್ಲಿ ಇಡಲಿ. ಆರ್ಮಿನ ಹಿಂದಿನ ತುದಿಯ ತೂಕದ ಗುಂಡು, ಅಂದರೆ ಕೌಂಟರ್‌ವೆಯ್ಟ್ ಕೂಡ ಬಿಚ್ಚಬೇಕು. ಅದು ಇದ್ದರೆ ಪ್ರತಿ ಕುಲುಕಿಗೂ ಬೇರಿಂಗನ್ನು ಎಳೆಯುತ್ತದೆ. ಉಳಿದ ಆರ್ಮನ್ನು ಅದರ ರೆಸ್ಟಿನಲ್ಲಿಟ್ಟು, ಕ್ಲಿಪ್ ಹಾಕಿ, ಅದರ ಮೇಲೆ ಮೆತ್ತನೆಯ ತಂತಿ ಅಥವಾ ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು. ಬರೀ ಕ್ಲಿಪ್ ಮನೆಯೊಳಗಿನ ಬಳಕೆಗೆ ಸರಿ, ಲಾರಿಗೆ ಸಾಲದು. ಕಂದು ಪ್ಯಾಕಿಂಗ್ ಟೇಪನ್ನು ಮಾತ್ರ ಸೆಟ್ಟಿನ ಮೈಮೇಲೆ ಎಲ್ಲೂ ಅಂಟಿಸಬಾರದು, ಕೀಳುವಾಗ ಬಣ್ಣ, ಅಕ್ಷರ ಎಲ್ಲ ಎದ್ದು ಬರುತ್ತದೆ.

ಬಿಚ್ಚಿದ ಒಂದೊಂದು ಭಾಗವನ್ನೂ ಬೇರೆ ಬೇರೆ ಸುತ್ತಿ, ಎಲ್ಲಕ್ಕೂ ಹೆಸರು ಬರೆದ ಚೀಟಿ ಹಚ್ಚಲಿ. ಸಣ್ಣ ಭಾಗ ಬೇಡದ ಫೋಮ್ ಜೊತೆ ಕಸಕ್ಕೆ ಹೋದದ್ದನ್ನು ನೋಡಿದ್ದೇನೆ. ಬಬಲ್ ರ‍್ಯಾಪಿನ ಗುಳ್ಳೆ ನೇರವಾಗಿ ಅಕ್ರಿಲಿಕ್ ಅಥವಾ ಪಾಲಿಶ್ ಮಾಡಿದ ಮರಕ್ಕೆ ತಾಗಿದರೆ ಬಿಸಿಗೆ ಅಚ್ಚು ಬೀಳುತ್ತದೆ. ಒಳಗೆ ಮೊದಲು ತೆಳು ಫೋಮ್ ಹಾಳೆ ಅಥವಾ ಹಳೆಯ ಹತ್ತಿ ಬಟ್ಟೆ ಇರಲಿ.

ಈಗ ಡಬ್ಬ. ಸುತ್ತಿದ ಟರ್ನ್‌ಟೇಬಲ್ ಬಿಗಿಯಾಗಿ ಕೂರುವ ಒಂದು ಒಳಡಬ್ಬ, ಅದರ ಹೊರಗೆ ಆರೂ ಕಡೆ 5–6 ಸೆಂ.ಮೀ. ಫೋಮ್, ಅದರ ಹೊರಗೆ 5 ಪದರದ, ಸಿಕ್ಕರೆ 7 ಪದರದ ಹೊಸ ಡಬ್ಬ. ನಮ್ಮ ಕಡೆ ಆಪೂಸ್ ಮಾವನ್ನು ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಕೂರಿಸುತ್ತಾರಲ್ಲ, ಹಣ್ಣು ಎಲ್ಲೂ ಮರಕ್ಕೆ ತಾಗದ ಹಾಗೆ, ಕೆಲಸ ಅದೇ. ಮನೆಯಲ್ಲಿ ಬಿದ್ದಿದ್ದ ಟಿವಿ ಡಬ್ಬ, ದಿನಸಿ ಡಬ್ಬ ಬೇಡ. ಒಮ್ಮೆ ಮಡಿಸಿ, ತೇವ ಕುಡಿದ ಡಬ್ಬದ ಮೂಲೆಗಳಲ್ಲಿ ಜೀವ ಇರುವುದಿಲ್ಲ.

ಫೋಮಿನಲ್ಲೂ ಒಂದು ಸೂಕ್ಷ್ಮ ಇದೆ. ತೀರಾ ಮೆತ್ತಗಿದ್ದರೆ ಭಾರಕ್ಕೆ ಪೂರ್ತಿ ಅಮುಕಿ ನೆಲಕ್ಕೆ ತಾಗುತ್ತದೆ. ತೀರಾ ಗಟ್ಟಿಯಾದರೆ ಅಮುಕುವುದೇ ಇಲ್ಲ, ಹಲಗೆಯ ಮೇಲೆ ಬಿದ್ದ ಹಾಗೇ. ಇಪಿಇ ಎನ್ನುವ ಬಿಳಿ ಫೋಮ್ ಹಲಗೆಗಳು ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ, ಈ ತೂಕಕ್ಕೆ ಅದೇ ಸರಿ. ಆದರೆ ಒಳಡಬ್ಬದ ಅಡಿಗೆ ಪೂರ್ತಿ ಹಾಳೆ ಹಾಸಿದರೆ ಭಾರ ಹಂಚಿಹೋಗಿ ಫೋಮ್ ಕೆಲಸವನ್ನೇ ಮಾಡದೆ ಇರಬಹುದು. ಬದಲಿಗೆ ಎಂಟು ಮೂಲೆಗಳಿಗೆ ಎಂಟು ತುಂಡು, ದೊಡ್ಡ ಮುಖಗಳ ಮಧ್ಯಕ್ಕೆ ಒಂದೊಂದು ತುಂಡು ಇಟ್ಟರೆ ಬಿದ್ದಾಗ ಅವು ನಿಜವಾಗಿ ಅಮುಕುತ್ತವೆ. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ತಗ್ಗಿ, ಬಿಟ್ಟ ಕೂಡಲೇ ಮೊದಲಿನ ಹಾಗಾಗಬೇಕು. ಥರ್ಮೋಕೋಲ್ ಒಂದು ಪೆಟ್ಟು ತಡೆಯುತ್ತದೆ, ಆಮೇಲೆ ಒಡೆದು ಜಾಗ ಬಿಡುತ್ತದೆ. ಮುದುರಿದ ಪೇಪರ್ ಮುಂಬೈ ದಾಟುವಷ್ಟರಲ್ಲಿ ಅಪ್ಪಚ್ಚಿ. ಥರ್ಮೋಕೋಲ್ ಕಾಳು ತುಂಬಿದರೆ ಭಾರದ ವಸ್ತು ಕುಲುಕಿ ಕುಲುಕಿ ತಳ ಸೇರುತ್ತದೆ. ಅವರ ಹತ್ತಿರ ಕಂಪನಿಯ ಮೂಲ ಡಬ್ಬವೇ ಇದ್ದರೆ ಅದೃಷ್ಟ, ಅದನ್ನು ಒಳಡಬ್ಬವಾಗಿ ಬಳಸಲಿ. ಅದೊಂದನ್ನೇ ನಂಬಬೇಡಿ, ಅದರೊಳಗಿನ ಥರ್ಮೋಕೋಲಿಗೂ ಸೆಟ್ಟಿನಷ್ಟೇ ವಯಸ್ಸಾಗಿದೆ.

ಎಲ್ಲ ಮುಗಿದ ಮೇಲೆ ಡಬ್ಬವನ್ನು ಎತ್ತಿ, ಅಲ್ಲಾಡಿಸಿ, ತಲೆಕೆಳಗೆ ಮಾಡಿ ವಿಡಿಯೊ ಕಳಿಸಲು ಹೇಳಿ. ಒಳಗೆ ಏನಾದರೂ ಜರುಗಿದ ಸದ್ದು ಬಂದರೆ ಮತ್ತೆ ಬಿಚ್ಚಿಸಿ. ಸ್ವಲ್ಪ ಮುಜುಗರ ಆಗುತ್ತದೆ, ಆದರೂ ಬಿಡಬೇಡಿ.

ಮಾರುವವರು ಇಷ್ಟೆಲ್ಲ ಯಾಕೆ ಮಾಡುವುದಿಲ್ಲ ಎನ್ನುವುದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಒಂದಿದೆ. ಕೊರಿಯರ್‌ನವರು ನಿಜವಾದ ತೂಕ, ಡಬ್ಬದ ಗಾತ್ರದಿಂದ ಲೆಕ್ಕ ಹಾಕುವ ವಾಲ್ಯೂಮೆಟ್ರಿಕ್ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಹಣ ಹಿಡಿಯುತ್ತಾರೆ. ಸೆಂ.ಮೀ.ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. ಬರೀ ಒಳಡಬ್ಬ 52×43×25 ಇದ್ದರೆ 11 ಕಿಲೋ ಬರುತ್ತದೆ, ನಿಜವಾದ ತೂಕ 13–14 ಇರುವುದರಿಂದ ಅದಕ್ಕೇ ಹಣ. ಫೋಮ್ ಸೇರಿಸಿ ಹೊರಡಬ್ಬ 65×56×38 ಆಯಿತೆನ್ನಿ. ಈಗ ಲೆಕ್ಕದ ತೂಕ ಸುಮಾರು 28 ಕಿಲೋ! ಹೆಚ್ಚುಕಡಿಮೆ ಇಮ್ಮಡಿ. ಬಂದದ್ದೆಲ್ಲ ಗಾಳಿ ಮತ್ತು ಫೋಮ್, ಆದರೆ ಬಿಲ್ ಅದಕ್ಕೇ. ‘ಶಿಪ್ಪಿಂಗ್ ಫ್ರೀ’ ಅಂತ ಒಪ್ಪಿದವರು ಸಹಜವಾಗಿ ಮೊದಲು ಕತ್ತರಿಸುವುದು ಆ ಗಾಳಿಯನ್ನೇ. ಫ್ರೀ ಶಿಪ್ಪಿಂಗ್ ಬೇಡ ಅನ್ನಿ. ಸಾಗಣೆ ಖರ್ಚು ನನ್ನದು, ಡಬ್ಬ ನಾನು ಹೇಳಿದ ಅಳತೆಯದು ಅನ್ನಿ.

ಆಂಪ್ಲಿಫೈಯರ್ ಬೇರೆ ಥರದ ತಲೆನೋವು. ಅದರ ಭಾರದ ದೊಡ್ಡ ಪಾಲು ಟ್ರಾನ್ಸ್‌ಫಾರ್ಮರ್‌ನಲ್ಲೇ ಇರುತ್ತದೆ, ಅದೂ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ. ಬಿದ್ದಾಗ ಆ ಮೂಲೆಯೇ ಮೊದಲು ಹೋಗುತ್ತದೆ. ತಗಡಿನ ತಳ ಬಾಗುತ್ತದೆ, ಬೋಲ್ಟ್ ಕಿತ್ತು ಬರುತ್ತದೆ, ಸಡಿಲಾದ ಟ್ರಾನ್ಸ್‌ಫಾರ್ಮರ್ ಒಳಗೆಲ್ಲ ಓಡಾಡಿ ಬೋರ್ಡ್ ಒಡೆಯುತ್ತದೆ. ಆ ಮೂಲೆಯ ಅಡಿಗೆ ಹೆಚ್ಚು ಗಟ್ಟಿ ಫೋಮ್ ಕೊಡಿಸಿ. ಮುಂದಿನ ನಾಬ್‌ಗಳ ಮೇಲೆ ಭಾರ ಬೀಳಲೇಬಾರದು. ಮುಂಭಾಗದ ನಾಲ್ಕೂ ಅಂಚಿಗೆ ಫೋಮ್ ಚೌಕಟ್ಟು ಮಾಡಿ, ನಾಬ್‌ಗಳು ಅದರ ನಡುವಿನ ಖಾಲಿ ಜಾಗದಲ್ಲಿ ಇರಬೇಕು. ಇಲ್ಲವಾದರೆ ವಾಲ್ಯೂಮ್ ಕಂಟ್ರೋಲಿನ ಕಂಬಿ ಒಳಗೆ ತಳ್ಳಿ ಬೋರ್ಡನ್ನೇ ಸೀಳುತ್ತದೆ, ಹಳೆಯ ಮಾಡೆಲ್‌ಗೆ ಅದೇ ಕಂಟ್ರೋಲ್ ಮತ್ತೆ ಸಿಗುವುದು ಕಷ್ಟ. 20 ಕಿಲೋ ದಾಟಿದರೆ ರಟ್ಟಿನ ಮಾತು ಬಿಟ್ಟು ಮರದ ಪೆಟ್ಟಿಗೆ ಮಾಡಿಸಿ.

ಯಾವುದರಲ್ಲಿ ತರಿಸುವುದು? ನಾನು ದೂರ ನೋಡುವುದಿಲ್ಲ, ಎಷ್ಟು ಕೈ ಬದಲಾಗುತ್ತದೆ ಅಂತ ನೋಡುತ್ತೇನೆ. ಸಾಮಾನ್ಯ ಕೊರಿಯರ್‌ನಲ್ಲಿ ಮುಂಬೈಯಿಂದ ಶಿರಸಿಗೆ ಬರುವಷ್ಟರಲ್ಲಿ ನಾಲ್ಕೈದು ಕಡೆ ಇಳಿಸಿ ಹತ್ತಿಸುತ್ತಾರೆ. ಅದರ ಬದಲು ಲಾರಿ ಪಾರ್ಸೆಲ್ ಕಂಪನಿಯಲ್ಲಿ ಹುಬ್ಬಳ್ಳಿಗೆ ಬುಕ್ ಮಾಡಿಸಿ, ಗೋಡೌನ್ ಡೆಲಿವರಿ ತೆಗೆದುಕೊಂಡು, ಅಂದರೆ ಅವರ ಗೋಡೌನಿನಿಂದ ನೀವೇ ಬಿಡಿಸಿಕೊಂಡು, ನಿಮ್ಮ ಕಾರಿನಲ್ಲಿ ಶಿರಸಿಗೆ ತನ್ನಿ. ಹುಬ್ಬಳ್ಳಿಯದೇ ಆದ ವಿಆರ್‌ಎಲ್ ಸೇರಿದಂತೆ ಈ ದಾರಿಯಲ್ಲಿ ಓಡುವವರು ಇದ್ದಾರೆ. ಭಾರದ ಸಾಮಾನು ಅವರಿಗೆ ಹೊಸದಲ್ಲ, ದೊಡ್ಡ ಡಬ್ಬಕ್ಕೆ ಬಿಲ್ ಕೂಡ ಕೊರಿಯರ್‌ಗಿಂತ ಕಡಿಮೆ ಬರುತ್ತದೆ.

ಅದಕ್ಕಿಂತಲೂ ನನಗೆ ಇಷ್ಟವಾದದ್ದು ನೀವೇ ಹೋಗಿ ತರುವುದು. ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಇಳಿದರೆ ಅಲ್ಲಿಂದ ಘಟ್ಟ ಹತ್ತಿ ಮುಂದೆ ಹೋದರೆ ನಿಮ್ಮೂರು. ಹೋದರೆ ಸೆಟ್ ನುಡಿಸಿ ನೋಡಿಯೇ ಹಣ ಕೊಡಬಹುದು. ಪ್ಲಾಟರ್ ಮತ್ತು ಹೆಡ್‌ಶೆಲ್ ಬ್ಯಾಗಿನಲ್ಲಿ, ಟರ್ನ್‌ಟೇಬಲ್ ಸೀಟಿನ ಕೆಳಗೆ. ಇಷ್ಟು ಬೆಲೆಯ ಸಾಮಾನಿಗೆ ಎರಡು ರಾತ್ರಿ ರೈಲು ದೊಡ್ಡದೇನಲ್ಲ ಅಂತ ನನ್ನ ಅಭಿಪ್ರಾಯ. ಆಗದಿದ್ದರೆ ಟರ್ನ್‌ಟೇಬಲ್ ಮಾತ್ರ ಕೈಯಲ್ಲಿ ತಂದು, ಆಂಪ್ಲಿಫೈಯರನ್ನು ಲಾರಿಗೆ ಹಾಕಿಸಿ.

ಇನ್ಶೂರೆನ್ಸ್ ಬಗ್ಗೆ ಸ್ಪಷ್ಟವಾಗಿರಿ. ಬುಕಿಂಗ್ ರಸೀದಿಯಲ್ಲಿ ‘ಓನರ್ಸ್ ರಿಸ್ಕ್’ ಅಂತಿದ್ದರೆ ಒಡೆದದ್ದು ನಿಮ್ಮ ಪಾಲಿಗೆ ಅಂತಲೇ ಸಾಗಿಸಿದವರು ವಾದಿಸುತ್ತಾರೆ. ‘ಕ್ಯಾರಿಯರ್ಸ್ ರಿಸ್ಕ್’, ಅಂದರೆ ಹೊಣೆ ಸಾಗಿಸುವವರದು ಎನ್ನುವುದನ್ನು ಕೇಳಿ, ನಿಜವಾದ ಬೆಲೆ ಬರೆಸಿ, ಅದಕ್ಕೆ ತಗಲುವ ಹೆಚ್ಚುವರಿ ಹಣ ಕೊಡಿ. ಬೆಲೆ ಕಡಿಮೆ ಬರೆಸಿ ಉಳಿಸಲು ಹೋದರೆ ಪರಿಹಾರವೂ ಅಷ್ಟಕ್ಕೇ ನಿಲ್ಲುತ್ತದೆ. ಬೇರೆಯಾಗಿ ಟ್ರಾನ್ಸಿಟ್ ಪಾಲಿಸಿ ಮಾಡಿಸಿದರೂ ಎರಡು ಸಾಲು ಹುಡುಕಿ ಓದಿ: ಪ್ಯಾಕಿಂಗ್ ಸಾಲದಿದ್ದರೆ ಹಣ ಇಲ್ಲ ಎನ್ನುವ ಸಾಲು, ಮತ್ತು ಹೊರಗೆ ಪೆಟ್ಟಿನ ಗುರುತಿಲ್ಲದೆ ಒಳಗಿನ ವಿದ್ಯುತ್ ಭಾಗ ಕೆಟ್ಟರೆ ಹಣ ಇಲ್ಲ ಎನ್ನುವ ಸಾಲು. ಹಳೆಯ ಸಾಮಾನಿನ ಪಾಲಿಸಿಗಳಲ್ಲಿ ಇವು ಸಾಮಾನ್ಯ. ನಾನು ಮೇಲೆ ಹೇಳಿದ ಟೋನ್‌ಆರ್ಮ್‌ನಂಥ ಹಾನಿಗೆ ದುಡ್ಡು ಬರುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ. ಹಾಗಂತ ಬಿಡಬೇಡಿ. ಡಬ್ಬವೇ ಕಳೆದುಹೋದರೆ ಅದೊಂದೇ ಆಸರೆ.

ಮಳೆಗಾಲದ ಬಗ್ಗೆ ನೀವು ಕೇಳಿದ್ದು ಸರಿಯಾಗಿಯೇ ಇದೆ. ತೇವದ ಗಾಳಿಯಲ್ಲಿ ನಿಂತ ರಟ್ಟಿನ ಡಬ್ಬದ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮೇಲೆ ನಾಲ್ಕು ಡಬ್ಬ ಪೇರಿಸಿದರೆ ಕುಸಿಯುತ್ತದೆ. ಸೆಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಸಿ, ಹೊರಡಬ್ಬಕ್ಕೂ ಪ್ಲಾಸ್ಟಿಕ್ ಸುತ್ತಿಸಿ. ಶಿರಸಿಯ ಜುಲೈ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ಅವಸರ ಇಲ್ಲದಿದ್ದರೆ ಅಡ್ವಾನ್ಸ್ ಕೊಟ್ಟು ಅಕ್ಟೋಬರ್‌ಗೆ ತರಿಸಿ.

ಹಣ ಪೂರ್ತಿ ಕೊಡುವ ಮೊದಲು ಸೆಟ್ ನುಡಿಯುತ್ತಿರುವ ವಿಡಿಯೊ, ಸೀರಿಯಲ್ ನಂಬರಿನ ಫೋಟೊ, ವೋಲ್ಟೇಜ್ ಬರೆದ ಪಟ್ಟಿಯ ಫೋಟೊ, ಮೂರೂ ತರಿಸಿಕೊಳ್ಳಿ. ವೋಲ್ಟೇಜ್ ಮರೆಯಲೇಬೇಡಿ. ಜಪಾನಿನ ಒಳಮಾರುಕಟ್ಟೆಯ ಸೆಟ್ 100 ವೋಲ್ಟಿನದು, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಇಷ್ಟು ಜೋಪಾನವಾಗಿ ತರಿಸಿದ್ದು ಒಂದೇ ಕ್ಷಣದಲ್ಲಿ ಸುಡುತ್ತದೆ. ಅಂಥದ್ದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಡಬ್ಬ ಬಂದಾಗ ಸಹಿ ಹಾಕುವ ಮೊದಲು ಆರೂ ಮುಖದ ಫೋಟೊ ತೆಗೆಯಿರಿ. ಮೂಲೆ ಜಜ್ಜಿದ್ದರೆ, ಒದ್ದೆಯಾಗಿದ್ದರೆ ಅದನ್ನು ಡೆಲಿವರಿ ರಸೀದಿಯ ಮೇಲೆ ಬರೆದೇ ಸಹಿ ಮಾಡಿ. ಬಿಚ್ಚುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ. ಹಾನಿ ಇದ್ದರೆ ಡಬ್ಬ, ಫೋಮ್ ಯಾವುದನ್ನೂ ಎಸೆಯಬೇಡಿ, ಹಾನಿ ನೋಡಲು ಬರುವ ಇನ್ಶೂರೆನ್ಸ್ ಸರ್ವೇಯರ್ ಮೊದಲು ಕೇಳುವುದು ಅದನ್ನೇ.

ಬಿಚ್ಚಿದ ಕೂಡಲೇ ಸ್ವಿಚ್ ಹಾಕಬೇಡಿ. ಮಳೆಗಾಲದಲ್ಲಿ ಒಂದು ದಿನ ಒಣ ಕೋಣೆಯಲ್ಲಿ ಸುಮ್ನೆ ಬಿಡಿ. ಆಂಪ್ಲಿಫೈಯರನ್ನು ಮೆಲ್ಲಗೆ ಓರೆ ಮಾಡಿ, ಒಳಗೆ ಏನಾದರೂ ಉರುಳುವ ಸದ್ದು ಇದೆಯೇ ಕೇಳಿ. ಇಲ್ಲವಾದರೆ ಸೀರೀಸ್ ಲ್ಯಾಂಪ್ ಮೂಲಕ ಮೊದಲ ಕರೆಂಟ್ ಕೊಡಿ. ಅಂದರೆ ಫೇಸ್ ತಂತಿಯ ದಾರಿಯಲ್ಲಿ ಹಳೆಯ ಕಾಲದ 100 ವಾಟಿನ ತಂತಿ ಬಲ್ಬ್, ಎಲ್‌ಇಡಿ ನಡೆಯುವುದಿಲ್ಲ. ಯಾವ ರೇಡಿಯೊ ರಿಪೇರಿ ಅಂಗಡಿಯಲ್ಲಾದರೂ ಈ ಜೋಡಣೆ ಇರುತ್ತದೆ, ನಿಮಗೆ ಅಭ್ಯಾಸ ಇಲ್ಲದಿದ್ದರೆ ಅವರಿಂದಲೇ ಮಾಡಿಸಿ. ಸ್ಪೀಕರ್ ಆಗ ಜೋಡಿಸಬಾರದು. ಬಲ್ಬ್ ಒಂದು ಸಲ ಝಗ್ಗೆಂದು ಮಂದವಾದರೆ ಸೆಟ್ ಬದುಕಿದೆ. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ಪ್ಲಗ್ ಕಿತ್ತು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಟರ್ನ್‌ಟೇಬಲ್‌ಗೆ ಕರೆಂಟ್ ಕೊಡುವ ಮೊದಲು ಆರ್ಮಿನ ಕಟ್ಟು ಬಿಚ್ಚಿ, ನಾನು ಹೇಳಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಆಟ ಕಂಡರೆ ಅದರ ವಿಡಿಯೊ ಮಾಡಿ, ಅವತ್ತೇ ಮಾರಿದವರಿಗೂ ಸಾಗಿಸಿದವರಿಗೂ ಬರಹದಲ್ಲಿ ತಿಳಿಸಿ.